ಆದಾಯ ಮಿತಿಯೊಳಗೆ, ಕಡಿತ ಮಿತಿಯಾಚೆ: ಬ್ಯಾಡಗಿಯ ಟೆಂಪೋ ಮಾಲೀಕರೊಬ್ಬರ ರಿಟರ್ನ್ ಪ್ರಕರಣ

2025ರ ಜೂನ್ ತಿಂಗಳ ಕೊನೆಯ ವಾರದಲ್ಲಿ ಬ್ಯಾಡಗಿಯಿಂದ ಹುಬ್ಬಳ್ಳಿಯ ನಮ್ಮ ಕಚೇರಿಗೆ ಬಂದ ವ್ಯಕ್ತಿಯೊಬ್ಬರು ಮೇಜಿನ ಮೇಲೆ ಇಟ್ಟದ್ದು ಫೆಬ್ರುವರಿಯ ಒಂದು ಬಾಡಿಗೆ ಬಿಲ್ಲು ಮತ್ತು ಅದರ ಹಿಂದೆ ಪಿನ್ನು ಚುಚ್ಚಿದ್ದ ಪಾವತಿ ಚೀಟಿ. ಬಿಲ್ಲಿನ ಮೊತ್ತ 30,000 ರೂಪಾಯಿ. ಖಾತೆಗೆ ಜಮೆಯಾದದ್ದು 6,000. ಉಳಿದ 24,000 ರೂಪಾಯಿಯ ಎದುರು ‘ಟಿಡಿಎಸ್’ (ಹಣ ಕೊಡುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಎಂದಷ್ಟೇ ಬರೆದಿತ್ತು. “ನಂದೇನ್ ಟ್ಯಾಕ್ಸ್ ಕಟ್ಟೋವಷ್ಟು ಗಳಿಕಿ ಇಲ್ರಿ. ರಿಟರ್ನ್ ಹಾಕೂದು ಬೇಕಾಗಿಲ್ಲ ಅಂತ ಎಲ್ಲಾರೂ ಅಂತಾರ. ಹಂಗಿದ್ರ ಈ ರೊಕ್ಕ ಎಲ್ಲಿ ಹೋತ್ರಿ?” ಎಂಬುದು ಅವರ ಪ್ರಶ್ನೆ.

ಕಡಿಮೆ ಆದಾಯದವರು ಆದಾಯ ತೆರಿಗೆ ರಿಟರ್ನ್ (ವರ್ಷದ ಆದಾಯ, ತೆರಿಗೆಗಳ ವಿವರಪಟ್ಟಿ) ಸಲ್ಲಿಸಬೇಕೇ ಎಂದು ಕೇಳಿದರೆ ನಮ್ಮ ಭಾಗದಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ‘ಬೇಡ’ ಎಂಬುದೇ. ಆ ಉತ್ತರ ಬಹಳ ಮಂದಿಯ ಮಟ್ಟಿಗೆ ಸರಿಯೂ ಹೌದು. ಈ ಒಬ್ಬರ ಮಟ್ಟಿಗೆ ಅದು ಏಕೆ ತಪ್ಪಾಯಿತು, ತಪ್ಪಾಗಿದೆ ಎಂಬುದು ಅವರಿಗೆ ಏಕೆ ಜೂನ್‌ವರೆಗೆ ಗೊತ್ತಾಗಲಿಲ್ಲ ಎಂಬುದನ್ನು ಬರೆದಿಡುವುದು ಉಪಯುಕ್ತವೆನಿಸಿತು. ಗುರುತು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ; ಲೆಕ್ಕದ ಸ್ವರೂಪ ಮಾತ್ರ ಹಾಗೆಯೇ ಇದೆ.

ಮನೆ, ವಾಹನ, ಗಳಿಕೆ

ಅವರಿಗೆ 38 ವರ್ಷ. ಸಾಲದ ಮೇಲೆ ಕೊಂಡ ಒಂದು ಸಣ್ಣ ಸರಕು ವಾಹನವಿದೆ, ತಾವೇ ಓಡಿಸುತ್ತಾರೆ. ಮೆಣಸಿನಕಾಯಿ ಸುಗ್ಗಿಯಲ್ಲಿ, ಅಂದರೆ ಡಿಸೆಂಬರ್–ಜನವರಿಯಿಂದ ಬೇಸಿಗೆಯವರೆಗೆ, ಬ್ಯಾಡಗಿಯ ಎಪಿಎಂಸಿ ಪ್ರಾಂಗಣದಿಂದ ಶೀತಲಗೃಹಗಳಿಗೆ ಚೀಲ ಸಾಗಿಸುವುದು, ಆಗಾಗ ಮೋಟೆಬೆನ್ನೂರಿನ ಬಳಿ ಹೆದ್ದಾರಿ ಹಿಡಿದು ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಗೆ ಬರುವುದು ಅವರ ಮುಖ್ಯ ಕೆಲಸ. ಸುಗ್ಗಿ ಮುಗಿದ ಮೇಲೆ ಗೋವಿನಜೋಳ, ಸಿಮೆಂಟು, ಮನೆ ಸಾಮಾನು, ಏನು ಸಿಕ್ಕರೆ ಅದು. ಹೆಂಡತಿ ಮನೆಯಲ್ಲಿ ಹೊಲಿಗೆ ಮಾಡುತ್ತಾರೆ. ತಿಂಗಳಿಗೆ ಸುಮಾರು 4,000 ರೂಪಾಯಿ ಬರುತ್ತದೆ. ತಂದೆಯ ಹೆಸರಿನಲ್ಲಿ ಸ್ವಲ್ಪ ಒಣಬೇಸಾಯದ ಹೊಲವಿದ್ದು ಅದನ್ನು ತಮ್ಮ ನೋಡಿಕೊಳ್ಳುತ್ತಾನೆ. ಮನೆಗೆ ಬಿಪಿಎಲ್ ಕಾರ್ಡ್ ಇದೆ, ಹೆಂಡತಿಯ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. ಈ ಕೊನೆಯ ವಾಕ್ಯವನ್ನು ಅವರು ಸುಮ್ಮನೆ ಹೇಳಲಿಲ್ಲ. ಅದರ ಹಿಂದೆ ಒಂದು ಭಯವಿತ್ತು, ಅದಕ್ಕೆ ಮುಂದೆ ಬರುತ್ತೇನೆ.

ಅವರ ಬಳಿ ಒಂದು ನೋಟ್‌ಬುಕ್ ಇತ್ತು. ಇದು ಅಪರೂಪ. ವಾಹನ ಓಡಿಸುವವರಲ್ಲಿ ಹತ್ತರಲ್ಲಿ ಒಬ್ಬರೂ ದಿನದ ಲೆಕ್ಕ ಬರೆದಿಟ್ಟಿರುವುದನ್ನು ನಾನು ಕಂಡಿಲ್ಲ. ಅದರ ಪ್ರಕಾರ 2024-25ರ ಹಣಕಾಸು ವರ್ಷದಲ್ಲಿ ಒಟ್ಟು ಬಾಡಿಗೆ 5,16,000 ರೂಪಾಯಿ ಬಂದಿತ್ತು. ಡೀಸೆಲ್ಲಿಗೆ 1,92,000, ರಿಪೇರಿ, ಟೈರು, ವಿಮೆ ಮೊದಲಾದವಕ್ಕೆ 58,000, ಸಾಲದ ಬಡ್ಡಿಗೆ 26,000, ಏರಿಸಿ ಇಳಿಸುವ ಹಮಾಲರಿಗೆ 24,000 ಹೋಗಿ, ಮೂರು ಲಕ್ಷ ಖರ್ಚು ಕಳೆದು ಉಳಿದದ್ದು 2,16,000. ವಾಹನದ ಸವಕಳಿ ಹಿಡಿದರೆ ಇನ್ನೂ ಕಡಿಮೆಯಾಗುತ್ತಿತ್ತು. ಒಟ್ಟು ಬಾಡಿಗೆಯ ಪೈಕಿ 1,60,000 ರೂಪಾಯಿ ಒಂದೇ ವ್ಯಾಪಾರ ಸಂಸ್ಥೆಯಿಂದ ಬಂದಿತ್ತು. ಬಾಕಿಯದು ಚಿಲ್ಲರೆಯಾಗಿ ಹಲವರಿಂದ.

ಮೊದಲ ನೋಟದ ಉತ್ತರ

2025-26ರವರೆಗಿನ ಆದಾಯಕ್ಕೆ ಅನ್ವಯವಾಗುವ 1961ರ ಆದಾಯ ತೆರಿಗೆ ಕಾಯ್ದೆಯ 139(1)ನೇ ಕಲಮಿನಂತೆ, ಕಾಯ್ದೆಯಲ್ಲಿ ಹೇಳಿರುವ ಕೆಲವು ಕಡಿತಗಳನ್ನು ಕಳೆಯುವ ಮುನ್ನ ಒಬ್ಬ ವ್ಯಕ್ತಿಯ ಒಟ್ಟು ಆದಾಯ ತೆರಿಗೆಯ ಮೂಲ ವಿನಾಯಿತಿ ಮಿತಿಯನ್ನು ದಾಟಿದರೆ ರಿಟರ್ನ್ ಕಡ್ಡಾಯ. 2024-25ಕ್ಕೆ ಹೊಸ ಪದ್ಧತಿಯಲ್ಲಿ ಆ ಮಿತಿ 3 ಲಕ್ಷ ರೂಪಾಯಿ. ಹಳೆಯ ಪದ್ಧತಿಯಲ್ಲಿ 60 ವರ್ಷದೊಳಗಿನವರಿಗೆ 2.5 ಲಕ್ಷ, 60 ದಾಟಿದವರಿಗೆ 3 ಲಕ್ಷ, 80 ದಾಟಿದವರಿಗೆ 5 ಲಕ್ಷ. ಯಾವ ಅಳತೆಗೋಲು ಹಿಡಿದರೂ 2,16,000 ಕೆಳಗೇ ಉಳಿಯುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ‘ಬೇಡ’ ಎಂಬುದೇ ಉತ್ತರ.

ಇಲ್ಲಿ ಜನ ಹೆಚ್ಚಾಗಿ ಎಡವುವ ಒಂದು ಜಾಗವನ್ನು ಹೇಳಿಯೇ ಮುಂದೆ ಹೋಗಬೇಕು. 2024-25ರಲ್ಲಿ ಹೊಸ ಪದ್ಧತಿಯಡಿ 7 ಲಕ್ಷದವರೆಗೆ, 2025-26ರಿಂದ 12 ಲಕ್ಷದವರೆಗೆ ತೆರಿಗೆ ಇಲ್ಲ ಎಂದು ಎಲ್ಲರೂ ಕೇಳಿದ್ದಾರೆ. ಆದರೆ ಅದು ವಿನಾಯಿತಿ ಮಿತಿಯಲ್ಲ, 87ಎ ಕಲಮಿನಡಿ ಸಿಗುವ ರಿಯಾಯಿತಿ. ತೆರಿಗೆಯನ್ನು ಲೆಕ್ಕ ಹಾಕಿ, ಆಮೇಲೆ ಅದನ್ನು ಮನ್ನಾ ಮಾಡುವ ವ್ಯವಸ್ಥೆ ಅದು. ಆ ಮನ್ನಾ ನಡೆಯುವುದು ರಿಟರ್ನಿನಲ್ಲಿಯೇ. 2025-26ಕ್ಕೆ ಹೊಸ ಪದ್ಧತಿಯ ಮೂಲ ಮಿತಿ 4 ಲಕ್ಷ ಮಾತ್ರ; ಹಾಗಾಗಿ ಐದೋ ಆರೋ ಲಕ್ಷ ದುಡಿದು ಒಂದು ರೂಪಾಯಿಯೂ ತೆರಿಗೆ ಕಟ್ಟಬೇಕಿಲ್ಲದ ವ್ಯಕ್ತಿ ರಿಟರ್ನ್ ಮಾತ್ರ ಸಲ್ಲಿಸಲೇಬೇಕು. ನಮ್ಮ ಟೆಂಪೋ ಮಾಲೀಕರಿಗೆ ಈ ತೊಡಕು ಇರಲಿಲ್ಲ. ಅವರ ತೊಡಕು ಬೇರೆಯದು.

24,000 ಕಡಿತವಾದ ಬಗೆ

ಗುತ್ತಿಗೆ ಮತ್ತು ಸಾಗಣೆ ಕೆಲಸಕ್ಕೆ ಹಣ ಕೊಡುವ ಸಂಸ್ಥೆ ಅದೇ ಕಾಯ್ದೆಯ 194ಸಿ ಕಲಮಿನಂತೆ ಮೂಲದಲ್ಲೇ ತೆರಿಗೆ ಹಿಡಿಯಬೇಕು. ಒಂದು ಬಿಲ್ಲು 30,000 ದಾಟಿದಾಗ ಅಥವಾ ವರ್ಷದ ಒಟ್ಟು ಮೊತ್ತ 1,00,000 ದಾಟಿದಾಗ ಈ ಕಡಿತ ಹುಟ್ಟುತ್ತದೆ. ವ್ಯಕ್ತಿಗಳಿಗೆ ದರ ಶೇ 1. ಹತ್ತು ಅಥವಾ ಅದಕ್ಕಿಂತ ಕಡಿಮೆ ಸರಕು ವಾಹನ ಇರುವ ಮಾಲೀಕರು ಹಾಗೆಂದು ಬರೆದುಕೊಟ್ಟು ಪ್ಯಾನ್ ಸಂಖ್ಯೆ ಒದಗಿಸಿದರೆ ಆ ಶೇ 1 ಕೂಡ ಹಿಡಿಯುವಂತಿಲ್ಲ. ಇವರು ಅಕ್ಟೋಬರ್‌ನಲ್ಲಿಯೇ ಆ ಘೋಷಣೆಗೆ ಸಹಿ ಹಾಕಿ ಕೊಟ್ಟಿದ್ದರು. ಜನವರಿ ಮುಗಿಯುವ ಹೊತ್ತಿಗೆ ಅದೇ ಸಂಸ್ಥೆಯಿಂದ ಸಣ್ಣ ಸಣ್ಣ ಬಿಲ್ಲುಗಳಲ್ಲಿ 90,000 ಬಂದಿತ್ತು, ಏನೂ ಕಡಿತವಾಗಿರಲಿಲ್ಲ.

ಫೆಬ್ರುವರಿಯ 30,000 ರೂಪಾಯಿ ಬಿಲ್ಲು ಸೇರಿದಾಗ ಮೊತ್ತ 1,20,000ಕ್ಕೆ ಏರಿ ಒಂದು ಲಕ್ಷದ ಗೆರೆ ದಾಟಿತು. ಆಗ ಸಂಸ್ಥೆಯ ಲೆಕ್ಕಿಗರು ಪ್ಯಾನ್ ಅನ್ನು ಪೋರ್ಟಲ್‌ನಲ್ಲಿ ಪರಿಶೀಲಿಸಿದರು. ಅದು ‘ನಿಷ್ಕ್ರಿಯ’ ಎಂದು ತೋರಿಸಿತು. ಆಧಾರ್ ಜೋಡಣೆಯಾಗದ ಪ್ಯಾನ್‌ಗಳು 2023ರ ಜುಲೈ 1ರಿಂದ ನಿಷ್ಕ್ರಿಯಗೊಂಡಿವೆ. ನಿಷ್ಕ್ರಿಯ ಪ್ಯಾನ್ ಕೊಡುವುದೂ ಪ್ಯಾನ್ ಕೊಡದೇ ಇರುವುದೂ ಕಡಿತದ ಮಟ್ಟಿಗೆ ಒಂದೇ. ಆದ್ದರಿಂದ ಅಕ್ಟೋಬರಿನ ಘೋಷಣೆ ಬಿದ್ದುಹೋಯಿತು, ಶೇ 1ರ ದರವೂ ಬಿದ್ದುಹೋಯಿತು. 206ಎಎ ಕಲಮಿನ ಶೇ 20 ಬಂದು ಕೂತಿತು. ಅದೂ ಆ ಒಂದು ಬಿಲ್ಲಿನ ಮೇಲಲ್ಲ, ಅದುವರೆಗಿನ ಇಡೀ 1,20,000ದ ಮೇಲೆ. ಹೀಗೆ 24,000. ಮಾರ್ಚ್‌ನ 40,000 ರೂಪಾಯಿ ಬಿಲ್ಲಿನಿಂದ ಮತ್ತೆ 8,000 ಹೋಯಿತು. ಒಟ್ಟು 32,000. ಅವರ ಎರಡು ತಿಂಗಳ ಡೀಸೆಲ್ ಖರ್ಚು ಹೆಚ್ಚು ಕಡಿಮೆ ಇಷ್ಟೇ.

ಸಂಸ್ಥೆಯ ಮೇಲೆ ಅವರಿಗೆ ವಿಪರೀತ ಸಿಟ್ಟಿತ್ತು. ಚೀಟಿಗಳನ್ನೆಲ್ಲ ನೋಡಿದ ಮೇಲೆ ಸಂಸ್ಥೆ ಮಾಡಿದ್ದು ಕಾನೂನಿನಂತೆ ಸರಿಯೆಂದೇ ನಾನು ಹೇಳಬೇಕಾಯಿತು. ಪ್ಯಾನ್ ಪರಿಶೀಲನೆಯನ್ನು ಅಕ್ಟೋಬರ್‌ನಲ್ಲಿಯೇ ಮಾಡಿ ಒಂದು ಮಾತು ಹೇಳಿದ್ದರೆ ಈ ಪ್ರಕರಣವೇ ಹುಟ್ಟುತ್ತಿರಲಿಲ್ಲ ಎಂಬುದು ನಿಜ. ಆದರೆ ಹಾಗೆ ಹೇಳುವ ಹೊಣೆ ಅವರ ಮೇಲೆ ಇರಲಿಲ್ಲ.

ಎರಡನೆಯ ನೋಟದ ಉತ್ತರ

ಆದಾಯ ಮಿತಿಯೊಳಗಿದ್ದರೂ ರಿಟರ್ನ್ ಕಡ್ಡಾಯವಾಗುವ ಸಂದರ್ಭಗಳು 139(1)ರ ಏಳನೇ ಪರಂತುಕದಲ್ಲಿ ಮತ್ತು 2022ರ ಏಪ್ರಿಲ್‌ನಲ್ಲಿ ಬಂದ 12ಎಬಿ ನಿಯಮದಲ್ಲಿ ಇವೆ. ಚಾಲ್ತಿ ಖಾತೆಗೆ ಒಂದು ಕೋಟಿಗಿಂತ ಹೆಚ್ಚು ತುಂಬಿದವರು, ವಿದೇಶ ಪ್ರಯಾಣಕ್ಕೆ 2 ಲಕ್ಷಕ್ಕಿಂತ ಹೆಚ್ಚು ವೆಚ್ಚ ಮಾಡಿದವರು, ಉಳಿತಾಯ ಖಾತೆಗಳಿಗೆ 50 ಲಕ್ಷ ಅಥವಾ ಹೆಚ್ಚು ತುಂಬಿದವರು, 60 ಲಕ್ಷ ದಾಟಿದ ವಹಿವಾಟಿನ ವ್ಯಾಪಾರಿಗಳು, 10 ಲಕ್ಷ ದಾಟಿದ ಸ್ವೀಕೃತಿಯ ವೃತ್ತಿನಿರತರು ಇದರಲ್ಲಿ ಸೇರುತ್ತಾರೆ. ಇವರಲ್ಲಿ ಯಾರನ್ನೂ ಬಡವರೆಂದು ಕರೆಯುವುದು ಕಷ್ಟ. ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ವಿದ್ಯುತ್ ಬಿಲ್ ಕಟ್ಟಿದವರೂ ಆ ಪಟ್ಟಿಯಲ್ಲಿದ್ದಾರೆ. ಗಜೇಂದ್ರಗಡದ ಕಡೆ ಲಾಭ ತೆಳುವಾದ ಮಗ್ಗದ ಮನೆಗಳೂ ಹಿಟ್ಟಿನ ಗಿರಣಿಗಳೂ ಇದನ್ನು ಗಮನಿಸುವುದು ಒಳ್ಳೆಯದು.

ನಮಗೆ ಬೇಕಾದ ಷರತ್ತು ಬೇರೆ. ವರ್ಷದಲ್ಲಿ ಒಬ್ಬರ ಹೆಸರಿನಲ್ಲಿ ಟಿಡಿಎಸ್ ಮತ್ತು ಟಿಸಿಎಸ್ (ಮಾರುವವರು ಕೊಳ್ಳುವವರಿಂದ ವಸೂಲಿ ಮಾಡುವ ತೆರಿಗೆ) ಸೇರಿ 25,000 ರೂಪಾಯಿ ಅಥವಾ ಹೆಚ್ಚು ಕಡಿತವಾಗಿದ್ದರೆ, ಆದಾಯ ಎಷ್ಟೇ ಇರಲಿ, ರಿಟರ್ನ್ ಸಲ್ಲಿಸಲೇಬೇಕು. 60 ವರ್ಷ ದಾಟಿದವರಿಗೆ ಈ ಗೆರೆ 50,000. ನಮ್ಮವರದು 32,000.

ಈ ನಿಯಮ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಎಂಬುದನ್ನು ಲೆಕ್ಕವೇ ಹೇಳುತ್ತದೆ. ಶೇ 1ರ ದರದಲ್ಲಿ 25,000 ಕಡಿತವಾಗಬೇಕಾದರೆ 25 ಲಕ್ಷ ರೂಪಾಯಿಯ ಬಾಡಿಗೆ ಬಂದಿರಬೇಕು. ಅಷ್ಟು ಓಡಿಸುವವನು ರಿಟರ್ನ್ ಕೊಡಲಿ ಎನ್ನುವುದರಲ್ಲಿ ಅನ್ಯಾಯವೇನಿಲ್ಲ. ಶೇ 20ರ ದರದಲ್ಲಿ ಅದೇ ಗೆರೆಯನ್ನು ಮುಟ್ಟಲು 1,25,000 ಸಾಕು. ಪ್ಯಾನ್ ಜೋಡಿಸದ ಒಂದು ಲೋಪ ಆದಾಯವನ್ನು ಒಂದು ಪೈಸೆಯಷ್ಟೂ ಹೆಚ್ಚಿಸದೆ ಮನುಷ್ಯನನ್ನು ಕಡ್ಡಾಯದವರ ಸಾಲಿಗೆ ತಂದು ನಿಲ್ಲಿಸುತ್ತದೆ. ನಿಯಮ ಬರೆದವರು ಇದನ್ನು ಊಹಿಸಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಅವರಿಗೆ ಜೂನ್‌ವರೆಗೆ ಇದು ಏಕೆ ಗೊತ್ತಾಗಲಿಲ್ಲ ಎಂಬುದಕ್ಕೂ ಕಾರಣವಿದೆ. ಏಪ್ರಿಲ್‌ನಲ್ಲಿ ಊರಿನ ಸೈಬರ್ ಕೇಂದ್ರವೊಂದರಲ್ಲಿ ಅವರು ತಮ್ಮ 26ಎಎಸ್ (ಒಬ್ಬರ ಪ್ಯಾನ್ ಎದುರು ಜಮೆಯಾದ ತೆರಿಗೆಯ ಪಟ್ಟಿ) ನೋಡಿಸಿದ್ದರು. ಅದರಲ್ಲಿ ಏನೂ ಇರಲಿಲ್ಲ. ‘ನಿಮ್ಮ ಹೆಸರಲ್ಲಿ ಕಡಿತವೇ ಆಗಿಲ್ಲ, ರಿಟರ್ನ್ ಬೇಡ’ ಎಂದು ಹೇಳಿ ಕಳಿಸಿದ್ದರು. ಜನವರಿ–ಮಾರ್ಚ್ ತ್ರೈಮಾಸಿಕದ ಕಡಿತದ ವಿವರ ಸಲ್ಲಿಸಲು ಸಂಸ್ಥೆಗಳಿಗೆ ಮೇ 31ರವರೆಗೆ ಕಾಲಾವಕಾಶವಿದೆ, ಅದು ಸಲ್ಲಿಕೆಯಾದ ಮೇಲಷ್ಟೇ 26ಎಎಸ್‌ನಲ್ಲಿ ಕಾಣುತ್ತದೆ. ಮೆಣಸಿನಕಾಯಿ ಸುಗ್ಗಿ ಬೀಳುವುದು ಸರಿಯಾಗಿ ಆ ತ್ರೈಮಾಸಿಕದಲ್ಲೇ. ಬ್ಯಾಡಗಿ ಮಾರುಕಟ್ಟೆಯನ್ನು ನಂಬಿದವರು ಜೂನ್ ಮಧ್ಯಕ್ಕೆ ಮೊದಲು 26ಎಎಸ್ ನೋಡಿ ಯಾವ ತೀರ್ಮಾನಕ್ಕೂ ಬರಬಾರದು.

ಕಾರ್ಡಿನ ಭಯ

ಹಣ ವಾಪಸ್ ಬರಬೇಕಾದರೆ ರಿಟರ್ನ್ ಬಿಟ್ಟು ಬೇರೆ ದಾರಿಯಿಲ್ಲ, ಅದಲ್ಲದೆ ಈಗ ಅದು ಕಡ್ಡಾಯವೂ ಹೌದು ಎಂದು ಹೇಳಿದಾಗ ಅವರು ಖುಷಿಪಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ರಿಟರ್ನ್ ಹಾಕಿದರೆ ಬಿಪಿಎಲ್ ಕಾರ್ಡ್ ರದ್ದಾಗುತ್ತದಂತೆ, ಗೃಹಲಕ್ಷ್ಮಿ ನಿಲ್ಲುತ್ತದಂತೆ, 32,000 ಬಿಟ್ಟುಬಿಡುವುದೇ ಲೇಸೇನೋ ಎಂದರು. ಈ ಮಾತನ್ನು ನಾನು ಹಾವೇರಿ, ಗದಗ ಎರಡೂ ಕಡೆಯವರಿಂದ ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡ್‌ಗಳ ರದ್ದತಿ ದೊಡ್ಡ ಸುದ್ದಿಯಾದ ಮೇಲೆ ಅದು ಇನ್ನೂ ಗಟ್ಟಿಯಾಗಿದೆ.

ಈ ಭಯದಲ್ಲಿ ಎರಡು ವಿಷಯ ಬೆರೆತಿವೆ. ಗೃಹಲಕ್ಷ್ಮಿಯ ಷರತ್ತು ಹೇಳುವುದು ಮನೆಯ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಪಾವತಿದಾರರಾಗಿರಬಾರದು ಎಂದು. ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಪಾವತಿಸುವುದು ಬೇರೆ. ಶೂನ್ಯ ತೆರಿಗೆಯ ರಿಟರ್ನ್ ಕೊಟ್ಟವನು ಪಾವತಿದಾರನಾಗುವುದಿಲ್ಲ ಎಂಬುದು ನನ್ನ ಓದು. ನಾನು ಅವರಿಗೆ ತಿರುಗಿಸಿ ಕೇಳಿದ್ದು ಇದನ್ನು: ರಿಟರ್ನ್ ಹಾಕದಿದ್ದರೆ ನಿಮ್ಮ ಪ್ಯಾನ್ ಎದುರು ಏನು ಉಳಿಯುತ್ತದೆ? 32,000 ರೂಪಾಯಿ ತೆರಿಗೆ ಸರ್ಕಾರಕ್ಕೆ ಜಮೆಯಾಗಿದೆ ಎಂಬ ಒಂದು ಸಾಲು, ಅದು ನಿಮ್ಮ ಹೊಣೆಯಲ್ಲ ಎಂದು ಹೇಳುವ ಯಾವ ಕಾಗದವೂ ಇಲ್ಲ. ನಾಳೆ ಯಾರಾದರೂ ಕೇಳಿದರೆ ‘ನಾನು ತೆರಿಗೆದಾರನಲ್ಲ’ ಎಂದು ತೋರಿಸುವ ದಾಖಲೆ ಆ ರಿಟರ್ನೇ ಅಲ್ಲವೇ? ಇದು ಅವರಿಗೆ ತಟ್ಟಿತು.

ಇನ್ನೊಂದು ವಿಷಯ ಅಷ್ಟು ಸಲೀಸಲ್ಲ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. ಜೀವನೋಪಾಯಕ್ಕಾಗಿ ಓಡಿಸುವ ಒಂದು ವಾಣಿಜ್ಯ ವಾಹನ ಇದ್ದರೆ ಅಡ್ಡಿಯಿಲ್ಲ. ಆದರೆ ಅವರದು 2,16,000, ಹೆಂಡತಿಯದು ಸುಮಾರು 48,000. ಇದು ರಿಟರ್ನ್ ಹುಟ್ಟಿಸಿದ ಸಮಸ್ಯೆಯಲ್ಲ, ಮೊದಲಿನಿಂದಲೂ ಇದ್ದದ್ದು. ತಿಂಗಳಿಗೆ ಹತ್ತು ಸಾವಿರದಲ್ಲಿ ಇಂದು ಐದು ಜನರ ಸಂಸಾರ ನಡೆಯುತ್ತದೆಂದು ಭಾವಿಸುವ ಮಿತಿಯ ಬಗ್ಗೆ ನನಗೆ ಗೌರವವಿಲ್ಲ. ಹಾಗೆಂದು ಅದು ಇಲ್ಲವೆಂದು ನಟಿಸುವ ಸಲಹೆಯನ್ನೂ ನಾನು ಕೊಡಲಾರೆ. ಕಾರ್ಡಿನ ಅರ್ಹತೆಯನ್ನು ತೀರ್ಮಾನಿಸುವವರು ಆಹಾರ ಇಲಾಖೆಯವರು, ರಿಟರ್ನ್ ಬರೆಯುವ ನಾನಲ್ಲ ಎಂದು ನೇರವಾಗಿ ಹೇಳಿದೆ.

90,000ವೋ 2,16,000ವೋ

ಇಲ್ಲಿಂದ ಮುಂದಿನ ಚರ್ಚೆಯೇ ಈ ಪ್ರಕರಣದ ಹೆಚ್ಚು ಹೊತ್ತು ತಿಂದದ್ದು. ಹತ್ತಕ್ಕಿಂತ ಹೆಚ್ಚು ಸರಕು ವಾಹನ ಇಲ್ಲದವರಿಗೆ 44ಎಇ ಕಲಮಿನಲ್ಲಿ ಅಂದಾಜು ಆದಾಯದ ಸೌಲಭ್ಯವಿದೆ. 12 ಟನ್ ಮೀರದ ವಾಹನಕ್ಕೆ ತಿಂಗಳಿಗೆ 7,500 ರೂಪಾಯಿ, ಅಥವಾ ನಿಜವಾಗಿ ಗಳಿಸಿದ್ದೆಂದು ಮಾಲೀಕ ಹೇಳುವ ಮೊತ್ತ, ಇವೆರಡರಲ್ಲಿ ಹೆಚ್ಚಿನದು ಆದಾಯ. ಹನ್ನೆರಡು ತಿಂಗಳಿಗೆ 90,000. ಪುಸ್ತಕ ಇಡಬೇಕಿಲ್ಲ, ಲೆಕ್ಕ ಪರಿಶೋಧನೆ ಇಲ್ಲ. ಸುಗಮ್ ಎಂದು ಕರೆಯುವ ಐಟಿಆರ್-4ರಲ್ಲಿ ವಾಹನದ ನೋಂದಣಿ ಸಂಖ್ಯೆ, ಭಾರ ಸಾಮರ್ಥ್ಯ, ಎಷ್ಟು ತಿಂಗಳು ಸ್ವಂತದಲ್ಲಿತ್ತು ಎಂಬುದನ್ನು ತುಂಬಿದರೆ ಸಾಕು.

90,000 ಎಂಬ ಅಂಕಿ ಕಿವಿಗೆ ಬಿದ್ದ ಕೂಡಲೇ ಅವರ ಮುಖ ಅರಳಿತು, ಏಕೆಂದರೆ ಅದು 1.20 ಲಕ್ಷದ ಕೆಳಗಿತ್ತು. ಐದು ನಿಮಿಷದ ನಂತರ ಅವರೇ ಇನ್ನೊಂದು ವಿಷಯ ತೆಗೆದರು: ಮುಂದಿನ ವರ್ಷ ಇದಕ್ಕಿಂತ ದೊಡ್ಡ ವಾಹನಕ್ಕೆ ಸಾಲ ಬೇಕು, ಬ್ಯಾಂಕಿನವರು ಎರಡು ವರ್ಷದ ರಿಟರ್ನ್ ಕೇಳಿದ್ದಾರೆ, ಅಲ್ಲಿಗೆ ಮೂರು ಲಕ್ಷದ ಹತ್ತಿರ ತೋರಿಸಿದರೆ ಒಳ್ಳೆಯದಿತ್ತು. ಕಾರ್ಡಿಗೆ ಒಂದು ಆದಾಯ, ಬ್ಯಾಂಕಿಗೆ ಇನ್ನೊಂದು ಆದಾಯ, ನೋಟ್‌ಬುಕ್ಕಿನಲ್ಲಿ ಮೂರನೆಯದು. ನಗು ಬಂತು, ಅವರೂ ನಕ್ಕರು. ರಿಟರ್ನಿನಲ್ಲಿ ಅಂಕಿ ತುಂಬುವ ಚೌಕ ಒಂದೇ.

ಕಾನೂನಿನ ದೃಷ್ಟಿಯಲ್ಲಿ 90,000 ಬರೆದರೂ ತೆರಿಗೆ ಶೂನ್ಯ, 2,16,000 ಬರೆದರೂ ಶೂನ್ಯ. ರಿಫಂಡ್ ಎರಡರಲ್ಲೂ 32,000. ಮೂರು ಲಕ್ಷ ಎಂದು ಬರೆಯುವುದಕ್ಕೆ ಆಧಾರವೇ ಇರಲಿಲ್ಲ. ನಾನು 2,16,000ವನ್ನೇ ಸೂಚಿಸಿದೆ. ಕೈಯಲ್ಲಿ ದಿನದಿನದ ಲೆಕ್ಕ ಇರುವಾಗ ಅದಕ್ಕಿಂತ ಕಡಿಮೆ ಬರೆದು ಸಹಿ ಹಾಕಿದರೆ, 44ಎಇ ಒಪ್ಪಿದರೂ, ಮುಂದೆ ಸಾಲದ ಅರ್ಜಿಯಲ್ಲಿ ಬೇರೆ ಅಂಕಿ ಬರೆದ ದಿನ ಎರಡು ಕಾಗದಗಳು ಪರಸ್ಪರ ಜಗಳವಾಡುತ್ತವೆ. ಇನ್ನೊಂದು ಕಾರಣವನ್ನು ಅವರಿಗೆ ಮೆಲ್ಲಗೆ ಹೇಳಿದೆ: ರಸ್ತೆಯ ಮೇಲೆ ಬದುಕುವವರ ಮಟ್ಟಿಗೆ, ಅಪಘಾತ ಪರಿಹಾರದ ಪ್ರಕರಣಗಳಲ್ಲಿ ಆದಾಯದ ಪುರಾವೆಯಾಗಿ ನ್ಯಾಯಾಲಯಗಳು ಮೊದಲು ನೋಡುವ ಕಾಗದಗಳಲ್ಲಿ ರಿಟರ್ನ್ ಒಂದು. ಒಂದು ದಿನ ಯೋಚಿಸಿ ಫೋನ್ ಮಾಡಿ, ಇದ್ದದ್ದನ್ನೇ ಬರೆಯಿರಿ ಎಂದರು.

ಹೊಲದ ಪ್ರಶ್ನೆಯನ್ನೂ ಮುಗಿಸಬೇಕಿತ್ತು. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ ಎಂದು ಅದನ್ನು ಮರೆಯುವಂತಿಲ್ಲ. ಅದು 5,000 ರೂಪಾಯಿ ದಾಟಿದರೆ ಸುಗಮ್ ನಮೂನೆ ಬಳಸಲು ಬರುವುದಿಲ್ಲ, ಉದ್ದನೆಯ ಐಟಿಆರ್-3 ತುಂಬಬೇಕಾಗುತ್ತದೆ. ಪಹಣಿ ತರಿಸಿ ನೋಡಿದೆ. ಹೊಲ ತಂದೆಯ ಹೆಸರಿನಲ್ಲಿದ್ದು ಉತ್ಪನ್ನವೂ ಅವರದೇ ಆಗಿದ್ದರಿಂದ ಇವರ ರಿಟರ್ನಿನಲ್ಲಿ ಅದು ಬರಲಿಲ್ಲ.

ಪ್ಯಾನ್, ದಿನಾಂಕ, ರಿಫಂಡ್

ನಿಷ್ಕ್ರಿಯ ಪ್ಯಾನ್‌ಗೆ ರಿಫಂಡ್ ಬಿಡುಗಡೆಯಾಗುವುದಿಲ್ಲ, ಆದ್ದರಿಂದ ಮೊದಲು ಆ ಕೆಲಸ. 1,000 ರೂಪಾಯಿ ಶುಲ್ಕ ಕಟ್ಟಿ ಜೋಡಿಸಲು ಹೋದರೆ ಹೆಸರು ಹೊಂದಲಿಲ್ಲ. ಪ್ಯಾನ್‌ನಲ್ಲಿ ಅಡ್ಡಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ. ನಮ್ಮ ಅಡ್ಡಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೇಗೆ ಬರೆಯಬೇಕೆಂದು ಅರ್ಜಿ ತುಂಬುವ ಪ್ರತಿಯೊಬ್ಬರೂ ತಮ್ಮದೇ ನಿರ್ಧಾರ ತೆಗೆದುಕೊಂಡಿರುತ್ತಾರೆ. 2023ರಲ್ಲಿಯೇ ಜೋಡಿಸಲು ಯತ್ನಿಸಿ ಇದೇ ಕಾರಣಕ್ಕೆ ಕೈಬಿಟ್ಟಿದ್ದಾಗಿ ಆಗ ಹೇಳಿದರು. ಪ್ಯಾನ್ ತಿದ್ದುಪಡಿ ಮಾಡಿಸಿ, ಜೋಡಿಸಿ, ಅದು ಸಕ್ರಿಯವಾಗುವ ಹೊತ್ತಿಗೆ ಜುಲೈ ಮೂರನೆಯ ವಾರ. ಅದೇ ಸಮಯಕ್ಕೆ, ಜುಲೈ 21ರಂದು, ಕೇಂದ್ರ ನೇರ ತೆರಿಗೆ ಮಂಡಳಿ ಒಂದು ಸುತ್ತೋಲೆ ಹೊರಡಿಸಿ 2024ರ ಏಪ್ರಿಲ್‌ನಿಂದ ಆದ ಪಾವತಿಗಳಿಗೆ ಸಂಬಂಧಿಸಿ, 2025ರ ಸೆಪ್ಟೆಂಬರ್ 30ರೊಳಗೆ ಪ್ಯಾನ್ ಸಕ್ರಿಯವಾದರೆ ಹೆಚ್ಚಿನ ದರದ ಕಡಿತಕ್ಕೆ ಒತ್ತಾಯವಿಲ್ಲ ಎಂದಿತು. ಅದನ್ನು ಹಿಡಿದು ಅವರು ಓಡಿ ಬಂದರು. ಆದರೆ ಆ ರಕ್ಷಣೆ ಕಡಿಮೆ ದರದಲ್ಲಿ ಹಿಡಿದವರಿಗೆ. ಹಿಡಿದು ಸರ್ಕಾರಕ್ಕೆ ಕಟ್ಟಿಯಾಗಿದ್ದ ಹಣಕ್ಕೆ ರಿಟರ್ನೇ ದಾರಿ.

ಆ ವರ್ಷ ಕೊನೆಯ ದಿನವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ, ಕೊನೆಗೆ 16ಕ್ಕೆ ಮುಂದೂಡಲಾಗಿತ್ತು. ನಾವು ಆಗಸ್ಟ್‌ನಲ್ಲಿ ಸಲ್ಲಿಸಿ, ಆಧಾರ್ ಒಟಿಪಿಯಿಂದ ಅದೇ ದಿನ ದೃಢೀಕರಿಸಿದೆವು. ದೃಢೀಕರಣಕ್ಕೆ 30 ದಿನ ಇದೆಯೆಂದು ಬಿಟ್ಟು ಮರೆತವರನ್ನು ಬಲ್ಲೆ. ಅವರ ಖಾತೆ ಧಾರವಾಡದಲ್ಲಿ ಕೇಂದ್ರ ಕಚೇರಿ ಇದ್ದ ಗ್ರಾಮೀಣ ಬ್ಯಾಂಕಿನದು. 2025ರ ಮೇ 1ರಂದು ಅದು ಬಳ್ಳಾರಿಯ ಗ್ರಾಮೀಣ ಬ್ಯಾಂಕಿನೊಂದಿಗೆ ವಿಲೀನವಾಗಿದ್ದರಿಂದ ಐಎಫ್‌ಎಸ್‌ಸಿ ಸಂಕೇತವನ್ನು ಪಾಸ್‌ಬುಕ್ ಬದಲು ಶಾಖೆಯಲ್ಲಿಯೇ ಕೇಳಿ ಖಚಿತಪಡಿಸಿಕೊಂಡೆವು.

ತಡವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನೂ ದಾಖಲಿಸಬೇಕು. ಡಿಸೆಂಬರ್ 31ರವರೆಗೆ ವಿಳಂಬಿತ ರಿಟರ್ನ್ ಸಾಧ್ಯ. ಆದಾಯ ಮೂಲ ಮಿತಿಯೊಳಗಿದ್ದು ರಿಟರ್ನ್ ಕಡ್ಡಾಯವೂ ಅಲ್ಲದವರಿಗೆ ಆಗ ವಿಳಂಬ ಶುಲ್ಕವಿಲ್ಲ. ಇವರಿಗೆ 25,000ದ ನಿಯಮದಿಂದ ಕಡ್ಡಾಯವಾದ್ದರಿಂದ 1,000 ರೂಪಾಯಿ ಬೀಳುತ್ತಿತ್ತು. ಡಿಸೆಂಬರ್ ದಾಟಿದರೆ, ‘ನಾಲ್ಕು ವರ್ಷದವರೆಗೆ ಹಾಕಬಹುದಂತೆ’ ಎಂದು ಜನ ಹೇಳುವ ಅಪ್‌ಡೇಟೆಡ್ ರಿಟರ್ನ್ (ಐಟಿಆರ್-ಯು) ಇಲ್ಲಿ ನಿರುಪಯೋಗಿ, ಅದರಲ್ಲಿ ರಿಫಂಡ್ ಕೇಳಲು ಬರುವುದಿಲ್ಲ. 119(2)(ಬಿ) ಅಡಿ ವಿಳಂಬ ಮನ್ನಾಕ್ಕೆ ಅರ್ಜಿ ಹಾಕಿ, ತಡವಾದದ್ದಕ್ಕೆ ಕಾರಣ ಒಪ್ಪಿಸಬೇಕು. ಐದು ವರ್ಷದ ಅವಕಾಶವಿದ್ದರೂ 32,000ಕ್ಕಾಗಿ ಆ ಓಡಾಟವನ್ನು ಟೆಂಪೋ ಬಿಟ್ಟು ಮಾಡುವವರು ಕಡಿಮೆ.

ಸೆಪ್ಟೆಂಬರ್‌ನಲ್ಲಿ 32,000 ರೂಪಾಯಿ ಖಾತೆಗೆ ಬಂತು. ಜೊತೆಗೆ ಬಂದ ಬಡ್ಡಿ ಐದುನೂರಕ್ಕಿಂತ ಕಡಿಮೆ, ಏಕೆಂದರೆ ಪ್ಯಾನ್ ನಿಷ್ಕ್ರಿಯವಾಗಿದ್ದ ಅವಧಿಗೆ ತಿಂಗಳಿಗೆ ಅರ್ಧ ಪರ್ಸೆಂಟಿನ ಆ ಬಡ್ಡಿ ಸಿಗುವುದಿಲ್ಲ. ಆ ಸಣ್ಣ ಬಡ್ಡಿಯೂ ಮುಂದಿನ ವರ್ಷದ ಆದಾಯವೆಂದು ಹೇಳಿದಾಗ ಅವರು ನಂಬಲಿಲ್ಲ.

ಅಕ್ಟೋಬರ್‌ನಲ್ಲಿ ಸಕ್ರಿಯ ಪ್ಯಾನ್‌ನೊಂದಿಗೆ ಹೊಸ ಘೋಷಣೆಯನ್ನು ಅದೇ ಸಂಸ್ಥೆಗೆ ಕೊಟ್ಟು ಸ್ವೀಕೃತಿ ಪಡೆದಿದ್ದಾರೆ. ಈ ಸುಗ್ಗಿಯಲ್ಲಿ ಒಂದು ರೂಪಾಯಿಯೂ ಕಡಿತವಾಗಿಲ್ಲ. ಕಾರ್ಡಿನ ಬಗ್ಗೆ ಈವರೆಗೆ ಯಾರೂ ಏನೂ ಕೇಳಿಲ್ಲ. 2025-26ರ ಅವರ ಗಳಿಕೆ 4 ಲಕ್ಷದ ಹೊಸ ಮಿತಿಯ ಹತ್ತಿರವೂ ಇಲ್ಲ, ಆದ್ದರಿಂದ “ಹಂಗಾದ್ರ ಈ ಸಲ ಹಾಕೂದು ಬ್ಯಾಡಲ್ರಿ?” ಎಂದು ಫೋನಿನಲ್ಲಿ ಕೇಳಿದರು. ಕಾಯ್ದೆಗೆ ಬೇಕಿಲ್ಲ ಎಂದೆ. ಬ್ಯಾಂಕಿನವರು ಕೇಳಿದ್ದು ಎರಡು ವರ್ಷದ್ದು ಎಂಬುದನ್ನು ಅವರೇ ನೆನಪಿಸಿಕೊಂಡು, ಜುಲೈನಲ್ಲಿ ನೋಟ್‌ಬುಕ್ ತರುತ್ತೇನೆ ಎಂದರು.